ಕಾಯ್ದಿಟ್ಟ ಕರೆ

ಆಫೀಸಿನಲ್ಲಿ ಅವಳಿಗೆ ಕಪಾಟಕ್ಕ ಎಂದು ಹೆಸರು ಬಿದ್ದು ಹದಿನಾರು ವರ್ಷವಾಗಿತ್ತು. ಕೊಟ್ಟದ್ದನ್ನು ಇಟ್ಟುಕೊಳ್ಳುವುದು, ಕೇಳಿದಾಗ ತೆಗೆದುಕೊಡುವುದು, ನಡುವೆ ಒಳಗೇನಿದೆ ಎಂದು ಇಣುಕಿ ನೋಡದಿರುವುದು, ಇಷ್ಟೇ ಅವಳ ಕೆಲಸ. ಕಪಾಟು ಮಾಡುವುದೂ ಅದನ್ನೇ ತಾನೆ. ಹೆಸರಿಟ್ಟವರು ಚುಡಾಯಿಸಲೆಂದು ಇಟ್ಟಿದ್ದರು. ಅವಳು ಮಾತ್ರ ಅದನ್ನು ಬಿರುದು ಸಿಕ್ಕಷ್ಟೇ ಸಂತೋಷದಿಂದ ಹೊತ್ತುಕೊಂಡು ಓಡಾಡಿದಳು.

ಅದು ತುರ್ತು ಕರೆಗಳ ಕಟ್ಟಡ. ಊರಿನಲ್ಲಿ ಎಲ್ಲೇ ಬೆಂಕಿ ಬೀಳಲಿ, ಬಸ್ಸು ಮಗುಚಲಿ, ಯಾರೇ ಎದೆ ಹಿಡಿದುಕೊಂಡು ಕುಸಿಯಲಿ, ಫೋನು ಬಂದು ಬೀಳುವುದು ಇಲ್ಲಿಗೇ. ಎರಡನೇ ಮಹಡಿಯಲ್ಲಿ ಇಪ್ಪತ್ತು ಜನ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಊರಿನ ಸಂಕಟವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರು ಕೇಳಿದ್ದು, ಆಡಿದ್ದು ಒಂದು ಉಸಿರೂ ಬಿಡದೆ ನೆಲಮಹಡಿಯ ಕಿಟಕಿಯಿಲ್ಲದ ಕೋಣೆಗೆ ಇಳಿದು ಅಲ್ಲಿನ ಡಿಸ್ಕಿನಲ್ಲಿ ಕೂರುತ್ತಿತ್ತು. ಯಂತ್ರಗಳು ಬಿಸಿಯಾಗಬಾರದೆಂದು ಆ ಕೋಣೆಯನ್ನು ಸದಾ ಕೊರೆಯುವಷ್ಟು ತಣ್ಣಗಿಟ್ಟಿದ್ದರು. ಕಪಾಟಕ್ಕ ಬೇಸಿಗೆಯಲ್ಲೂ ಕಂದು ಸ್ವೆಟರು ಹಾಕಿಕೊಂಡೇ ಕೆಲಸ ಮಾಡುತ್ತಿದ್ದಳು.

ಅವಳ ತಂಗಿ ಕೂರುತ್ತಿದ್ದದ್ದು ಮೇಲೆ, ಹನ್ನೊಂದನೇ ಕುರ್ಚಿಯಲ್ಲಿ. ಇಬ್ಬರ ನಡುವೆ ಹನ್ನೆರಡು ವರ್ಷದ ಅಂತರ. ತಾಯಿ ಹೋದಾಗ ತಂಗಿಗೆ ಇನ್ನೂ ತನ್ನ ಜಡೆ ತಾನು ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಅಕ್ಕನೇ ಜಡೆ ಹಾಕಿ, ಪಾಠ ಓದಿಸಿ, ಬೈದು, ಮುದ್ದಿಸಿ ಬೆಳೆಸಿದಳು. ಮದುವೆಯ ಮಾತೆತ್ತಿದವರಿಗೆಲ್ಲ ಆಮೇಲೆ ನೋಡೋಣ ಎನ್ನುತ್ತಾ ಎನ್ನುತ್ತಾ ನಲವತ್ತು ದಾಟಿದಳು. ತಂಗಿಯಿಂದ ಈ ಕೆಲಸಕ್ಕೆ ಅರ್ಜಿ ಹಾಕಿಸಿದ್ದೂ ಅವಳೇ. ಪುಟ್ಟಿಯ ದನಿ ಸಮಾಧಾನದ್ದು, ಗಾಬರಿ ಬಿದ್ದವರಿಗೆ ಅಂಥ ದನಿ ಬೇಕು ಎಂದು ಅವಳ ನಂಬಿಕೆ.

ನಾಲ್ಕು ತಿಂಗಳ ಹಿಂದೆ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ, ಹನ್ನೊಂದನೇ ಕುರ್ಚಿಗೆ ಒಂದು ಕರೆ ಬಂತು. ಒಬ್ಬ ಹೆಂಗಸು, ಜೊತೆಗೆ ಎರಡು ಮಕ್ಕಳು, ಮನೆ ತುಂಬ ಹೊಗೆ. ಆ ಕಟ್ಟಡಕ್ಕೆ ಎರಡು ಗೇಟು, ದೊಡ್ಡ ರಸ್ತೆಗೆ ಒಂದು, ಹಿಂದಿನ ಓಣಿಗೆ ಒಂದು. ಅವಳ ಮನೆಯ ಮೆಟ್ಟಿಲು ಇದ್ದದ್ದು ಓಣಿಯ ಕಡೆ ಮಾತ್ರ. ತಂಗಿ ವಿಷಯವನ್ನು ಅಗ್ನಿಶಾಮಕ ಠಾಣೆಗೆ ದಾಟಿಸಿದಳು. ಗಾಡಿ ಆರೇ ನಿಮಿಷದಲ್ಲಿ ಬಂತು, ಆದರೆ ಬಂದು ನಿಂತದ್ದು ದೊಡ್ಡ ರಸ್ತೆಯ ಗೇಟಿನಲ್ಲಿ. ಅಲ್ಲಿಂದ ಸುತ್ತು ಹಾಕಿ ಇಕ್ಕಟ್ಟಿನ ಓಣಿಯೊಳಗೆ ನುಗ್ಗುವಷ್ಟರಲ್ಲಿ ಇನ್ನೂ ಹನ್ನೊಂದು ನಿಮಿಷ ಕಳೆಯಿತು. ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಹೊರಗೆ ತಂದು ಮಲಗಿಸಿದಾಗ ಯಾರಲ್ಲೂ ಉಸಿರಿರಲಿಲ್ಲ. ಗಂಡ ವೆಲ್ಡರ್, ಆ ಹೊತ್ತಿಗೆ ಊರಾಚೆ ಒಂದು ಸೇತುವೆಯ ಕೆಲಸದ ಮೇಲಿದ್ದ.

ಹಿಂದಿನ ಗೇಟಿನ ಮಾತೇ ತನಗೆ ಯಾರೂ ಹೇಳಲಿಲ್ಲ ಎಂದು ಗಾಡಿಯ ಡ್ರೈವರು ಬರೆದುಕೊಟ್ಟ. ಹೆಂಗಸು ತನಗೆ ಹೇಳಿದಳು, ತಾನು ಠಾಣೆಗೆ ಹೇಳಿದೆ ಎಂದು ತಂಗಿ ಬರೆದುಕೊಟ್ಟಳು. ಒಬ್ಬರ ಮಾತು ಸುಳ್ಳಿರಬೇಕು. ಠಾಣೆಯಲ್ಲಿ ಮಾತು ಹಿಡಿದಿಡುವ ಯಂತ್ರವಿರಲಿಲ್ಲ, ಇದ್ದದ್ದು ಕಪಾಟಕ್ಕನ ಕೋಣೆಯಲ್ಲಿ ಮಾತ್ರ. ವಿಚಾರಣೆ ಮುಗಿಯುವ ತನಕ ತಂಗಿ ಕೆಲಸಕ್ಕೆ ಬರುವ ಹಾಗಿಲ್ಲ ಎಂದು ಆದೇಶವಾಯಿತು. ತಪ್ಪು ಅವಳದೆಂದು ಗೊತ್ತಾದರೆ ಕೆಲಸವಷ್ಟೇ ಅಲ್ಲ, ಜೈಲಿನ ಮಾತೂ ಇತ್ತು. ಆ ಕರೆಯನ್ನು ಕಾಯ್ದಿಡಬೇಕು ಎಂದು ಮರುದಿನವೇ ಸಾಹೇಬರು ಚೀಟಿ ಕಳಿಸಿದರು. ಕಪಾಟಕ್ಕ ಕಾಯ್ದಿಟ್ಟಳು, ಅಥವಾ ಕಾಯ್ದಿಟ್ಟೆ ಅಂದುಕೊಂಡಳು.

ಇಲ್ಲಿ ಅವಳ ಕೆಲಸದ ಒಂದು ಸಂಗತಿ ಹೇಳದೆ ವಿಧಿಯಿಲ್ಲ. ಕರೆಗಳು ಬಂದು ಬೀಳುವ ಡಿಸ್ಕು ಒಂದು, ವಿಚಾರಣೆಗೆ ಬೇಕಾದವನ್ನು ಕಾಯ್ದಿಡುವ ಡಿಸ್ಕು ಇನ್ನೊಂದು. ಮೊದಲು ಅಲ್ಲಿಂದ ಇಲ್ಲಿಗೆ ಕಡತವನ್ನೇ ನಕಲು ಮಾಡಿ ಇಡುತ್ತಿದ್ದರು. ಆರು ವರ್ಷದ ಹಿಂದೆ ಕಾಯ್ದಿಡುವ ಡಿಸ್ಕು ಹೊಟ್ಟೆ ಬಿರಿಯುವಷ್ಟು ತುಂಬಿತು. ಹೊಸದು ಕೊಡಿಸಿ ಎಂದರೆ ಮೇಲಿನವರು ನೋಡೋಣ ಎಂದರು. ಅವರು ಇವತ್ತಿಗೂ ನೋಡುತ್ತಲೇ ಇದ್ದಾರೆ. ಆಗ ಕಪಾಟಕ್ಕ ಒಂದು ಉಪಾಯ ಮಾಡಿದಳು. ನಕಲು ಮಾಡುವ ಬದಲು ಸಾಂಕೇತಿಕ ಕೊಂಡಿ ಹಾಕುವುದು.

ಕಂಪ್ಯೂಟರಿನ ಕಾರ್ಯವ್ಯವಸ್ಥೆಗೆ ಒಂದು ಮಾತು ಹೇಳಿದರೆ ಸಾಕು: ಈ ಹೆಸರಿನಲ್ಲಿ ಇಲ್ಲೊಂದು ಕೊಂಡಿ ಮಾಡು, ಅದು ಅಲ್ಲಿರುವ ಆ ಕಡತವನ್ನು ತೋರಿಸಲಿ. ಕಣ್ಣು ಮಿಟುಕಿಸುವುದರೊಳಗೆ ಮಾಡಿಕೊಡುತ್ತದೆ. ನೋಡುವವರಿಗೆ ಕಡತವೇ ಅಲ್ಲಿ ಕೂತಂತೆ ಕಾಣುತ್ತದೆ, ತೆರೆದರೆ ತೆರೆದುಕೊಳ್ಳುತ್ತದೆ, ಕೇಳಿದರೆ ಮಾತಾಡುತ್ತದೆ. ನಿಜವಾಗಿ ಅಲ್ಲಿರುವುದು ಒಂದು ವಿಳಾಸದ ಚೀಟಿ ಅಷ್ಟೆ. ಗಟ್ಟಿ ಕೊಂಡಿ ಅಂತ ಇನ್ನೊಂದು ಬಗೆಯದೂ ಉಂಟು. ಅದು ಕಡತದ ರಟ್ಟೆಯನ್ನೇ ಹಿಡಿದುಕೊಳ್ಳುತ್ತದೆ, ಒಂದು ಕಡೆ ಹೆಸರು ಅಳಿಸಿದರೂ ಇನ್ನೊಂದು ಕಡೆ ಹೆಸರು ಇರುವ ತನಕ ಕಡತ ಸಾಯುವುದಿಲ್ಲ. ಆದರೆ ಅದು ಒಂದೇ ಡಿಸ್ಕಿನೊಳಗೆ ಮಾತ್ರ ನಡೆಯುತ್ತದೆ. ಇವಳಲ್ಲಿ ಇದ್ದದ್ದು ಎರಡು ಡಿಸ್ಕು, ಹಾಗಾಗಿ ಚೀಟಿಯೇ ಗತಿಯಾಯಿತು.

ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಕೆಲಸಕ್ಕೆ ಸೇರಿದ ಹೊಸಬರಿಗೆ ಪಾಠ ಹೇಳುತ್ತಿದ್ದವಳೇ ಅವಳು. ಆ ವಿಳಾಸದಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಎಂದು ವ್ಯವಸ್ಥೆ ಹೋಗಿ ಬಾಗಿಲು ತಟ್ಟಿ ನೋಡುವುದಿಲ್ಲ, ಚೀಟಿ ಬರೆದುಕೊಡು ಎಂದರೆ ಬರೆದುಕೊಟ್ಟು ಸೊನ್ನೆ ಎನ್ನುತ್ತದೆ, ಸೊನ್ನೆ ಅಂದರೆ ಎಲ್ಲ ಸರಿ ಎಂದರ್ಥ, ಹುಷಾರು, ಎಂದು ಬೆರಳೆತ್ತಿ ಹೇಳುತ್ತಿದ್ದಳು. ಹುಷಾರು ಎಂದು ಊರಿಗೆಲ್ಲ ಹೇಳಿದವಳು ತನಗೆ ತಾನು ಹೇಳಿಕೊಳ್ಳುವುದನ್ನು ಮರೆತಳು. ಆರು ವರ್ಷ ಏನೂ ಆಗಲಿಲ್ಲ, ಯಾಕೆಂದರೆ ಕರೆಗಳ ಡಿಸ್ಕಿನಿಂದ ಆಗ ಯಾರೂ ಏನನ್ನೂ ಅಳಿಸುತ್ತಿರಲಿಲ್ಲ.

ಬೆಂಕಿ ಬೀಳುವ ಐದು ವಾರ ಮುಂಚೆ ಹೊಸ ನಿಯಮ ಬಂತು. ಜನರ ಖಾಸಗಿ ಸಂಕಟವನ್ನು ತೊಂಬತ್ತು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಕಾಯ್ದಿಟ್ಟವನ್ನು ಬಿಟ್ಟು ಉಳಿದದ್ದನ್ನು ಅಳಿಸಬೇಕು. ಅಳಿಸುವ ಪ್ರೋಗ್ರಾಮನ್ನು ಕಪಾಟಕ್ಕ ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದಳು. ಕಾಯ್ದಿಟ್ಟವಕ್ಕೆ ಏನೂ ಆಗುವುದಿಲ್ಲ ತಾನೆ ಎಂದು ಸಾಹೇಬರು ಕೇಳಿದರು. ಅವು ಬೇರೆ ಡಿಸ್ಕಿನಲ್ಲಿವೆ ಸಾರ್ ಎಂದಳು. ಆದರೂ ಅವಳದು ಅನುಮಾನದ ಸ್ವಭಾವ. ಪ್ರತಿ ಸೋಮವಾರ, ಅಳಿಸುವ ಕೆಲಸ ಮುಗಿದ ಮೇಲೆ, ಕಾಯ್ದಿಟ್ಟ ಕರೆಗಳ ಹೆಸರುಗಳನ್ನು ಎಣಿಸಿ ನೋಡುತ್ತಿದ್ದಳು. ಮುನ್ನೂರ ಹನ್ನೆರಡು ಇದ್ದರೆ ಮುನ್ನೂರ ಹನ್ನೆರಡೂ ಇರುತ್ತಿದ್ದವು. ಒಂದೇ ಒಂದನ್ನು ತೆರೆದು ನೋಡಿದ್ದರೆ ಸಾಕಿತ್ತು. ತೆರೆಯಬಾರದು ಎಂಬುದೇ ಅವಳ ಹದಿನಾರು ವರ್ಷದ ಹೆಮ್ಮೆ.

ಮನೆಯಲ್ಲಿ ತಂಗಿ ದಿನದಿನಕ್ಕೆ ಇಳಿದುಹೋಗುತ್ತಿದ್ದಳು. ಮೊದಲ ವಾರ ಅವಳ ಮಾತು ಖಡಾಖಂಡಿತವಾಗಿತ್ತು, ಹಿಂದಿನ ಗೇಟು ಅಂತ ಎರಡು ಸಲ ಹೇಳಿದ್ದೇನೆ ಎಂದು ಬೆರಳು ಮಡಚಿ ತೋರಿಸುತ್ತಿದ್ದಳು. ಒಂದು ತಿಂಗಳಿಗೆ ಅದು, ಹೇಳಿರಬೇಕು ಎಂದಾಯಿತು. ಎರಡು ತಿಂಗಳಿಗೆ, ಆ ಹೆಂಗಸು ಕೆಮ್ಮುತ್ತಿದ್ದಳು, ಮಗು ಅಳುತ್ತಿತ್ತು, ಮಗುವಿನ ಅಳು ಕೇಳಿದರೆ ನನಗೆ ಕೈಕಾಲು ಆಡುವುದಿಲ್ಲ ಎಂದು ಏನೇನೋ ಹೇಳಿ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಒಂದೇ ಕರೆಯನ್ನು ನೂರಾರು ಸಲ ಮನಸ್ಸಿನಲ್ಲೇ ತಿರುವಿ ತಿರುವಿ, ಯಾವುದು ನಡೆದದ್ದು ಯಾವುದು ತಾನು ಕಟ್ಟಿಕೊಂಡದ್ದು ಎಂದು ಅವಳಿಗೇ ತಿಳಿಯದಂತಾಗಿತ್ತು. ತಟ್ಟೆಯ ಮುಂದೆ ಕೂತರೆ ಕೈ ಬಾಯಿಗೆ ಹೋಗುತ್ತಿರಲಿಲ್ಲ.

ಒಂದು ಭಾನುವಾರ ಬಟ್ಟೆ ಮಡಚುತ್ತಿದ್ದ ಅಕ್ಕನ ಮುಂದೆ ಬಂದು ಅವಳು ನೆಲದ ಮೇಲೆ ಕೂತಳು.

"ಅಕ್ಕಾ, ಒಂದೇ ಒಂದು ಸಲ ಕೇಳು. ಹೇಳಿದ್ನೋ ಇಲ್ವೋ, ಅಷ್ಟು ಹೇಳಿದ್ರೆ ಸಾಕು. ಯಾವುದೇ ಆದ್ರೂ ಪರವಾಗಿಲ್ಲ. ನಂಗೆ ಗೊತ್ತಾಗಬೇಕು."

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಆದರೂ ಆಗುವುದಿಲ್ಲ ಎಂದಳು. ಯಾರು ಯಾವಾಗ ಯಾವ ಕಡತ ತೆರೆದರು ಎಂಬುದೆಲ್ಲ ಯಂತ್ರದಲ್ಲಿ ದಾಖಲಾಗುತ್ತದೆ, ಸ್ವಂತ ಅಕ್ಕ ತೆರೆದಳು ಎಂದರೆ ಏನೋ ಕೈಚಳಕ ಮಾಡಿದ್ದಾಳೆ ಎನ್ನುತ್ತಾರೆ, ಆಮೇಲೆ ಅದರಲ್ಲಿ ನಿನ್ನ ಪರವಾಗಿ ಏನಿದ್ದರೂ ಯಾರೂ ನಂಬುವುದಿಲ್ಲ ಎಂದು ತಿಳಿಸಿ ಹೇಳಿದಳು. ಎಲ್ಲೂ ಹೋಗುವುದಿಲ್ಲ, ಭದ್ರವಾಗಿದೆ, ವಿಚಾರಣೆಯ ದಿನ ಎಲ್ಲರ ಮುಂದೆ ನೀನೇ ಕೇಳುವೆಯಂತೆ ಎಂದಳು. ಅದು ಅರವತ್ತೆಂಟನೇ ದಿನ. ಕರೆ ಅವತ್ತು ನಿಜವಾಗಿಯೂ ಭದ್ರವಾಗಿತ್ತು, ಇಪ್ಪತ್ತೆರಡು ದಿನದ ಮಟ್ಟಿಗೆ.

ವಿಚಾರಣೆಯ ಹಿಂದಿನ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ, ಕರೆಯ ಪ್ರತಿಯನ್ನು ತಯಾರು ಮಾಡಲು ಸಾಹೇಬರ ಚೀಟಿ ಬಂತು. ಕಪಾಟಕ್ಕ ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು ಕೂತಳು. ಕಾಯ್ದಿಟ್ಟ ಕರೆಗಳ ಪಟ್ಟಿ ತೆರೆದಳು. ದಿನಾಂಕ, ಹೊತ್ತು, ಕುರ್ಚಿಯ ಸಂಖ್ಯೆ, ಎಲ್ಲ ಸೇರಿದ ಆ ಹೆಸರು ಅಲ್ಲೇ ಇತ್ತು. ಪ್ರತಿ ಮಾಡು ಎಂದಳು. ಅಂಥ ಕಡತ ಇಲ್ಲ ಎಂದು ಯಂತ್ರ ಹೇಳಿತು. ಹೆಸರು ಬೆರಳಚ್ಚಿಸುವಾಗ ತಪ್ಪಿರಬೇಕು ಎಂದು ಮತ್ತೆ ಮಾಡಿದಳು. ಇಲ್ಲ ಎಂದಿತು. ಕಣ್ಣೆದುರಿಗೆ ಹೆಸರು ಇದೆ, ತೆರೆದರೆ ಇಲ್ಲ.

ಆಗ ಅವಳ ಕಣ್ಣು ಪಟ್ಟಿಯಲ್ಲಿ ಗಾತ್ರ ತೋರಿಸುವ ಸಾಲಿನ ಮೇಲೆ ಬಿತ್ತು. ಮೂರೂವರೆ ನಿಮಿಷದ ಮಾತಿಗೆ ಲಕ್ಷಗಟ್ಟಲೆ ಬೈಟು ಇರಬೇಕಾದ ಕಡೆ ನಲವತ್ತೇಳು ಎಂದಿತ್ತು. ಒಂದು ವಿಳಾಸದಲ್ಲಿ ಎಷ್ಟು ಅಕ್ಷರವೋ ಅಷ್ಟು. ಅದರ ಮೇಲಿನದ್ದೂ ನಲವತ್ತೇಳು, ಕೆಳಗಿನದ್ದೂ ನಲವತ್ತೇಳು. ಆರು ವರ್ಷದಿಂದ ಆ ಸಂಖ್ಯೆ ಅಲ್ಲೇ ಅವಳ ಮೂಗಿನ ಕೆಳಗೇ ಇತ್ತು. ಸೋಮವಾರ ಸೋಮವಾರ ಹೆಸರು ಎಣಿಸಿದವಳು ಪಕ್ಕದ ಸಾಲಿಗೆ ಒಂದು ಸಲವೂ ಕಣ್ಣು ಹಾಯಿಸಿರಲಿಲ್ಲ. ಚೀಟಿ ಉಳಿದಿತ್ತು, ಅದು ತೋರಿಸುತ್ತಿದ್ದ ಕಡತವನ್ನು ಅವಳೇ ಬರೆದ ಪ್ರೋಗ್ರಾಮು ತೊಂಬತ್ತನೇ ದಿನ ಅಳಿಸಿಹಾಕಿತ್ತು. ಆ ಚಳಿಯ ಕೋಣೆಯಲ್ಲೂ ಬೆನ್ನು ಬೆವೆತು ಸ್ವೆಟರು ಅಂಟಿಕೊಂಡಿತು.

ಅಳಿಸಿದ್ದನ್ನು ಕೆಲವೊಮ್ಮೆ ಡಿಸ್ಕಿನ ತಳದಿಂದ ಕೆದಕಿ ತೆಗೆಯಬಹುದು. ಸಂಜೆಯವರೆಗೂ ಕೆದಕಿದಳು. ಕರೆ ಅಳಿಸಿ ಒಂದು ತಿಂಗಳಾಗಿತ್ತು, ದಿನಕ್ಕೆ ಮೂರು ಸಾವಿರ ಹೊಸ ಕರೆಗಳು ಆ ಜಾಗದ ಮೇಲೆ ಬಂದು ಕೂತಿದ್ದವು. ಒಂದು ತುಣುಕು ಸಿಕ್ಕಿತು ಎಂದು ಆಸೆಯಿಂದ ಕೇಳಿದರೆ, ಯಾರೋ ಮುದುಕ ತನ್ನ ಹೆಂಡತಿ ಬಚ್ಚಲಲ್ಲಿ ಬಿದ್ದಿದ್ದಾಳೆ ಎನ್ನುತ್ತಿದ್ದ. ಹದಿನಾರು ವರ್ಷದಲ್ಲಿ ಅವಳು ಕಿವಿಯಾರೆ ಕೇಳಿದ ಮೊದಲ ಕರೆ ಅದು. ಅವಳು ಅದನ್ನು ನಿಲ್ಲಿಸಿ, ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ಸಾಹೇಬರಿಗೆ ಹೇಳಿದಳು. ಅವರ ಮುಖ ಬಿಳಚಿಕೊಂಡಿತು, ಆಮೇಲೆ ನಿಧಾನಕ್ಕೆ ಬಣ್ಣ ಬಂತು. ಯಂತ್ರ ಕೆಟ್ಟಿತು ಎಂದುಬಿಡೋಣ, ನಿನಗೂ ಒಳ್ಳೆಯದು, ನಿನ್ನ ತಂಗಿಗಂತೂ ಇನ್ನೂ ಒಳ್ಳೆಯದು ಎಂದು ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದರು. ಯಂತ್ರ ಕೆಟ್ಟಿಲ್ಲ ಸಾರ್, ನಾನು ಹೇಳಿದ್ದನ್ನೇ ಅದು ಮಾಡಿದೆ ಎಂದು ಅವಳು ಎದ್ದು ಬಂದಳು. ಮನೆಗೆ ಹೋದಾಗ ತಂಗಿ ಮರುದಿನಕ್ಕೆಂದು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಎಷ್ಟೋ ವಾರದ ಮೇಲೆ ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿಕೊಂಡಿದ್ದಳು. ನಾಳೆ ಹತ್ತು ಗಂಟೆಗೆ ಗೊತ್ತಾಗಿಬಿಡತ್ತೆ ಅಲ್ವಾ ಎಂದಳು. ಹದಿನಾರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಬದುಕಿದವಳಿಗೆ ಬೇಕಾದ ಹೊತ್ತಿಗೆ ಬೀಗ ತೆಗೆಯಲು ಆಗಲಿಲ್ಲ, ಅದು ಅವಳ ಎರಡನೇ ತಪ್ಪು.

ವಿಚಾರಣೆ ನಡೆದದ್ದು ಉದ್ದನೆಯ ಮೇಜಿನ ಒಂದು ಕೋಣೆಯಲ್ಲಿ. ವಿಚಾರಣಾಧಿಕಾರಿ ಕನ್ನಡಕ ಹಣೆಗೇರಿಸಿಕೊಂಡು ಮಾತಾಡುವ ಒಬ್ಬ ಹೆಂಗಸು. ಕಪಾಟಕ್ಕ ಎದ್ದು ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು. ಕೊಂಡಿ ಎಂದರೇನು, ವಿಳಾಸ ಎಂದರೇನು, ತೊಂಬತ್ತು ದಿನದಲ್ಲಿ ಏನಾಯಿತು, ಎಲ್ಲ. ತಂಗಿ ಅದನ್ನು ಕೇಳಿದ್ದು ಅಲ್ಲೇ, ಎಲ್ಲರ ಜೊತೆಗೆ, ಮೊದಲ ಬಾರಿಗೆ. ಅವಳು ತಿರುಗಿ ಅಕ್ಕನ ಮುಖವನ್ನೇ ನೋಡುತ್ತಾ ಕೂತಳು.

"ಅಂದ್ರೆ ಮೂರು ತಿಂಗಳು ಅದು ನಿಮ್ಮ ಕೈಯಲ್ಲೇ ಇತ್ತು," ಎಂದರು ಅಧಿಕಾರಿ. "ನಿಮ್ಮ ಸ್ವಂತ ತಂಗಿ ವಿಷಯ. ಒಂದು ಸಲಾನೂ ಕೇಳಿ ನೋಡಲಿಲ್ವಾ?"

"ಇಲ್ಲ ಮೇಡಂ. ಇಟ್ಟುಕೊಳ್ಳೋರು ಕೇಳಬಾರದು ಅಂತ ನಿಯಮ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತೆರೆದವರ ದಾಖಲೆಯಲ್ಲಿ ಅವಳ ಹೆಸರಿರಲಿಲ್ಲ ನಿಜ, ಆದರೆ ಆ ದಾಖಲೆಯ ಬೀಗದ ಕೈಯೂ ಅವಳ ಬಳಿಯೇ ಅಲ್ಲವೇ ಎಂದು ಅಧಿಕಾರಿ ಕೇಳಿದರು. ಹೌದು ಎಂದಳು. ತಂಗಿಯ ಮೇಲಿನ ಆರೋಪ ಸಾಬೀತಾಗಿಲ್ಲ, ಸಾಕ್ಷ್ಯ ಲಭ್ಯವಿಲ್ಲ, ಹನ್ನೊಂದನೇ ಕುರ್ಚಿಯವರು ಮುಂದಿನ ಸೋಮವಾರದಿಂದ ಕೆಲಸಕ್ಕೆ ಬರಬಹುದು ಎಂದು ಸಂಜೆಗೆ ಆದೇಶವಾಯಿತು. ಕಪಾಟಕ್ಕನನ್ನು ಆ ಕೋಣೆಯಿಂದ ತೆಗೆದು ಗೋದಾಮಿನ ದಾಸ್ತಾನಿಗೆ ಹಾಕಿದರು. ಅಷ್ಟಕ್ಕೇ ಬಿಟ್ಟರಲ್ಲ, ಪುಣ್ಯ ಮಾಡಿದ್ದೀಯ ಎಂದು ಸಾಹೇಬರು ಸಮಾಧಾನ ಹೇಳಿದರು.

ಹೊರಗೆ ಮೆಟ್ಟಿಲ ಬಳಿ ವೆಲ್ಡರ್ ನಿಂತಿದ್ದ. ಕುಳ್ಳನೆಯ ಆಳು, ಮುಂಗೈ ತುಂಬ ಕಿಡಿ ಸಿಡಿದ ಹಳೆಯ ಕಲೆಗಳು. ಅಕ್ಕ ತಂಗಿ ಸೇರಿ ಅಳಿಸಿಹಾಕಿದರು ಎಂದು ಅವನ ಕಡೆಯವರು ಕೂಗಾಡುತ್ತಿದ್ದರು. ಅವನು ಕೂಗಾಡಲಿಲ್ಲ. ಕಪಾಟಕ್ಕ ಎದುರಾದಾಗ, ದಾರಿ ಕೇಳುವವನ ಹಾಗೆ ಹತ್ತಿರ ಬಂದು, ಆ ಕರೆ ಪೂರ್ತಿ ಹೋಯಿತೇ, ಸ್ವಲ್ಪವೂ ಉಳಿದಿಲ್ಲವೇ ಎಂದು ಕೇಳಿದ. ಇಲ್ಲ ಎಂದಳು.

"ಯಾರ ತಪ್ಪೋ ಏನೋ, ನಂಗದು ಬೇಡ," ಎಂದ. "ಮಕ್ಕಳ ದನಿ ಅದರಲ್ಲಿತ್ತು ಅಂತ ಹೇಳಿದ್ರು. ಮನೇಲಿದ್ದ ಫೋನು, ಫೋಟೋ ಎಲ್ಲಾ ಸುಟ್ಟೋಗಿದೆ. ಅದೊಂದಿದೆ ಅಂದ್ಕೊಂಡಿದ್ದೆ."

ಅವನು ತಲೆಯಾಡಿಸಿ, ತನ್ನವರ ಕಡೆ ಹೋದ. ಅಕ್ಕ ತಂಗಿ ಬಸ್ಸಿನಲ್ಲಿ ಅಕ್ಕಪಕ್ಕದಲ್ಲೇ ಕೂತು ಮನೆಗೆ ಬಂದರು.

ತಂಗಿ ಬೈಯುತ್ತಾಳೆ, ಚೀರುತ್ತಾಳೆ, ಅಷ್ಟು ಬೇಡಿಕೊಂಡರೂ ಆ ಕರೆ ಕೇಳಲಿಲ್ಲವಲ್ಲ ಎಂದು ಜಗಳಕ್ಕೆ ಬರುತ್ತಾಳೆ ಎಂದು ಅಕ್ಕ ಕಾದಿದ್ದಳು. ಬೈಸಿಕೊಳ್ಳಲು ಅವಳಿಗೆ ಆಸೆಯೇ ಇತ್ತು. ತಂಗಿ ನೆಟ್ಟಗೆ ಅಡುಗೆಮನೆಗೆ ಹೋಗಿ ಎರಡು ಲೋಟ ಚಹಾ ಮಾಡಿಕೊಂಡು ಬಂದಳು. ಅಕ್ಕನದಕ್ಕೆ ಸಕ್ಕರೆ ಕಡಿಮೆ, ಅದನ್ನೂ ಮರೆತಿರಲಿಲ್ಲ. ಲೋಟವನ್ನು ಅಕ್ಕನ ಕೈಗಿಟ್ಟು, ಆ ಕೈಯನ್ನು ಬಿಡದೆ ಹಾಗೇ ಹಿಡಿದುಕೊಂಡಳು.

"ನೀನು ಕೇಳಿದೀಯ ಅಂತ ನಂಗೊತ್ತು," ಎಂದಳು. "ನಾನು ಹಿಂದಿನ ಗೇಟು ಅಂತ ಹೇಳಿರ್ಲಿಲ್ಲ. ಅದಕ್ಕೇ ನೀನು ಅಳಿಸ್ದೆ. ನನಗೋಸ್ಕರ ನಿನ್ನ ಹೆಸರು ಕೆಡಿಸ್ಕೊಂಡೆ. ಈ ಋಣ ನಾನು ತೀರಿಸಕ್ಕಾಗಲ್ಲ ಅಕ್ಕಾ."

ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ, ಇಲ್ಲ ಪುಟ್ಟೀ, ಅಲ್ಲಿ ಹೇಳಿದ್ದೆಲ್ಲ ನಿಜ, ನಾನು ಕೇಳಲಿಲ್ಲ, ಅಳಿಸಲಿಲ್ಲ, ನನ್ನ ದಡ್ಡತನದಿಂದ ಹೋಯಿತು ಎಂದು ಮೊದಲಿನಿಂದ ಎಲ್ಲ ಮತ್ತೆ ಹೇಳಿದಳು. ಎರಡು ಡಿಸ್ಕು, ಚೀಟಿ, ನಲವತ್ತೇಳು. ತಂಗಿ ಹೂಂಗುಟ್ಟುತ್ತಾ ಕೇಳಿದಳು. ಎಲ್ಲ ಕೇಳಿ, ನೀನು ಹೊಸಬರಿಗೆ ಇದೇ ಪಾಠ ಹೇಳುವವಳು, ನೀನು ಇಂಥ ತಪ್ಪು ಮಾಡುತ್ತೀಯಾ ಎಂದಳು. ಆಯಿತು, ಯಾರು ಕೇಳಿದರೂ ಹೀಗೇ ಹೇಳು, ನನ್ನ ಹತ್ತಿರ ಮಾತ್ರ ಬೇಡ ಎಂದಳು. ಅವಳ ದನಿ ಶಾಂತವಾಗಿತ್ತು. ಮೂರು ಜೀವ ತನ್ನಿಂದ ಹೋಯಿತು ಎಂದು ಅವಳು ಒಪ್ಪಿಕೊಂಡಾಗಿತ್ತು, ಇನ್ನು ಮುಂದೆ ಅದನ್ನು ಹೊತ್ತುಕೊಂಡೇ ಹನ್ನೊಂದನೇ ಕುರ್ಚಿಯಲ್ಲಿ ಕೂರಲು ಅಣಿಯಾಗುತ್ತಿದ್ದಳು.

ಅಕ್ಕ ನೋಡಿದಳು. ತಾಯಿ ಹೋದ ದಿನ ಬಾಚಣಿಗೆ ಹಿಡಿದುಕೊಂಡು ತನ್ನ ಮುಂದೆ ಬಂದು ನಿಂತಿದ್ದ ಮುಖವೇ ಅದು. ಆ ಮುಖಕ್ಕಾಗಿ ಅವಳು ಏನನ್ನೂ ಮಾಡದೆ ಬಿಟ್ಟವಳಲ್ಲ. ಸುಳ್ಳೊಂದನ್ನು ಮಾತ್ರ ಹೇಳಿರಲಿಲ್ಲ.

"ಸರಿ, ಹೇಳ್ತೀನಿ," ಎಂದಳು. "ಕೇಳಿದೆ. ನಾನು ಕೇಳಿದೆ ಪುಟ್ಟಿ. ಹಿಂದಿನ ಗೇಟು ಅಂತ ನೀನು ಸ್ಪಷ್ಟವಾಗಿ ಹೇಳಿದೀಯ. ಎರಡು ಸಲ ಹೇಳಿದೀಯ. ನಿನ್ನ ತಪ್ಪಿಲ್ಲ."

ತಂಗಿಯ ಮುಖ ಅರಳಿತು. ನಾಲ್ಕು ತಿಂಗಳಿನಿಂದ ಬಿಗಿದುಕೊಂಡಿದ್ದ ಭುಜ ಸಡಿಲವಾಗಿ, ಕಣ್ಣು ತುಂಬಿ, ಬಾಯಿ ನಗಲು ಶುರುಮಾಡಿತು. ಇಷ್ಟು ಸುಲಭವಿತ್ತೇ ಎಂದು ಅಕ್ಕ ಉಸಿರು ಬಿಟ್ಟಳು. ಆಮೇಲೆ ತಂಗಿಯ ನಗು ಅರ್ಧದಲ್ಲೇ ನಿಂತಿತು. ಅವಳು ಅಕ್ಕನ ಕೈಯನ್ನು ಮೆಲ್ಲಗೆ ಬಿಟ್ಟಳು.

"ಹಾಗಿದ್ರೆ ಯಾಕಕ್ಕಾ ಅಳಿಸ್ದೆ?"

ಅಕ್ಕ ಲೋಟವನ್ನು ನೆಲಕ್ಕಿಟ್ಟಳು. ಚಹಾದ ಮೇಲೆ ಆಗಲೇ ಕೆನೆ ಕಟ್ಟಿತ್ತು. ತಂಗಿ ಉತ್ತರಕ್ಕೆ ಕಾಯುತ್ತಾ ಕೂತಿದ್ದಳು, ಗಾಬರಿ ಬಿದ್ದವರು ಮಾತು ಮುಗಿಸಲಿ ಎಂದು ಕೆಲಸದಲ್ಲಿ ಕಾಯುತ್ತಿದ್ದಳಲ್ಲ, ಅಷ್ಟೇ ಸಮಾಧಾನದಿಂದ.